ತಲೆಸುತ್ತಿನ ಗುಳಿಗೆ ಮತ್ತು ನನ್ನ ಗಾಂಭೀರ್ಯ

ಜೀವನದಲ್ಲಿ ನನ್ನ ಬಾಯಿ ಕಟ್ಟಿದ್ದು ಎರಡೇ ಸಲ. ಎರಡಕ್ಕೂ ಒಂದು ಗುಳಿಗೆಯೇ ಕಾರಣ ಎಂದು ನಮ್ಮ ಮನೆಯಲ್ಲಿ ನಂಬಿದ್ದಾರೆ. ಮೂವತ್ತು ವರ್ಷ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿದವನು ನಾನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಆಟೋದವನ ಹತ್ತಿರ ಹಿಂದಿ. ಮೂರರಲ್ಲೂ ಎದುರಿನವರಿಗೆ ಬಾಯಿ ತೆರೆಯಲು ಆಸ್ಪದ ಕೊಟ್ಟವನಲ್ಲ. ಇಂಥ ಬಾಯಿ ಕೊಟ್ಟ ದೇವರು ಜೊತೆಗೊಂದು ಕೊರತೆಯನ್ನೂ ಇಟ್ಟ. ಕಾರು ಹತ್ತಿ ಎರಡು ತಿರುವು ದಾಟಿದರೆ ಸಾಕು, ತಲೆ ಗಿರ್ರೆನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಸ್ಕೂಟರಿನಲ್ಲಿ ಏನೂ ಆಗುವುದಿಲ್ಲ. ಹ್ಯಾಂಡಲ್ ನನ್ನ ಕೈಯಲ್ಲೇ ಇರುತ್ತದಲ್ಲ, ಅದಕ್ಕಿರಬೇಕು.

ಅಕ್ಕನ ಮಗಳು ಶೈಲಾ ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಕಾಲ ಅದು. ಸನತ್‌ನಗರದ ನಮ್ಮ ಓಣಿಯಲ್ಲಿ ಫ್ಯಾಕ್ಟರಿಯ ಸೈರನ್ನಿಗೆ ಏಳುತ್ತಿದ್ದ ಜನ ಕಂಪನಿ ಕ್ಯಾಬಿನ ಹಾರ್ನಿಗೆ ಏಳತೊಡಗಿದ್ದರು. ಭಾವ ತೀರಿಕೊಂಡ ಮೇಲೆ ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಹಾಗಾಗಿ ಶೈಲಾಳ ಮದುವೆ ಮಾತಿಗೆ ಹಿರಿಯನಾಗಿ ಕೂರುವವನು ಸೋದರಮಾವನಾದ ನಾನೇ. ಎರಡು ಸಂಬಂಧ ಬಂದು ತಪ್ಪಿದ್ದವು. ಮೊದಲನೆಯವರ ಮನೆಯ ಮೆಟ್ಟಿಲು ತಪ್ಪು ದಿಕ್ಕಿಗಿದೆಯೆಂದು ನಾನು ಹೆಜ್ಜೆ ಹಾಕಿ ಅಳೆದು ತೋರಿಸಿದೆ. ಎರಡನೆಯ ಹುಡುಗ ಹಲ್ಲಿನ ಡಾಕ್ಟರು. ಡಾಕ್ಟರನ್ನು ಕಾಣದೆಯೇ ಹಲ್ಲುನೋವು ಕಳೆಯುವ ನಮ್ಮ ಅಜ್ಜಿಯ ಲವಂಗದ ಉಪಾಯವನ್ನು ಅವನಿಗೆ ಒಂದು ತಾಸು ವಿವರಿಸಿದೆ. ಎರಡೂ ಕಡೆಯವರು ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು. ನಾನು ನಂಬಿದೆ. ಮನೆಯಲ್ಲಿ ಬೇರೆ ಯಾರೂ ನಂಬಲಿಲ್ಲ.

ಮೂರನೆಯವನು ಶೈಲಾಳ ಆಫೀಸಿನವನೇ, ಕಲಬುರಗಿ ಕಡೆಯ ಪಾಟೀಲರ ಮಗ. ಇಬ್ಬರೂ ಆಗಲೇ ಒಪ್ಪಿಕೊಂಡಿದ್ದರು. ಹುಡುಗನ ಮನೆಯವರು ಬಂದು ಹೆಣ್ಣು ನೋಡಿಯೂ ಹೋಗಿದ್ದರು. ನಾನು ಕಚೇರಿ ಕೆಲಸಕ್ಕೆಂದು ಊರಲ್ಲಿಲ್ಲದ ದಿನವನ್ನೇ ಅದಕ್ಕೆ ಯಾಕೆ ಆರಿಸಿದರೋ ನನಗಾಗ ತಿಳಿಯಲಿಲ್ಲ. ಇನ್ನು ಉಳಿದದ್ದು ನಾವು ಹೋಗಿ ಅವರ ಮನೆ ನೋಡುವುದು. ಹೆಣ್ಣಿನ ಸೋದರಮಾವ ಮನೆ ನೋಡಿ ಹೂಂ ಅನ್ನದೆ ನಮ್ಮಲ್ಲಿ ಮದುವೆ ಗೊತ್ತಾಯಿತೆಂದು ಸಕ್ಕರೆ ಹಂಚುವುದಿಲ್ಲ. ಹಿಂದಿನ ದಿನ ಶೈಲಾ ನನ್ನ ಹತ್ತಿರ ಬಂದು ಕೂತಳು.

“ಮಾಮಾ, ನಿಮ್ಮ ಕಾಲಿಗೆ ಬೀಳ್ತೀನ್ರಿ. ನಾಳೆ ಒಂದಿನ ಸ್ವಲ್ಪ ಕಡಿಮಿ ಮಾತಾಡ್ರಿ. ಈ ಸಂಬಂಧ ತಪ್ಪಿದ್ರ ನಾ ಮತ್ತ ಯಾರನ್ನೂ ನೋಡಂಗಿಲ್ಲ.”

“ಹುಚ್ಚ ಹುಡುಗಿ, ನಾ ಮಾತಾಡೋದ ನಿನ್ನ ಸಲುವಾಗಿ,” ಅಂದೆ. ಅವಳ ಕಣ್ಣಲ್ಲಿ ನೀರಿತ್ತು. ಅಭಿಮಾನಕ್ಕೆ ಬಂದದ್ದೆಂದು ತಿಳಿದೆ.

ಪಾಟೀಲರ ಮನೆ ಮಿಯಾಪುರದಲ್ಲಿ. ಬೀಗರಾಗುವವರ ಮನೆಗೆ ಸ್ಕೂಟರಿನಲ್ಲಿ ಹೋದರೆ ಶೋಭಿಸದು ಎಂದು ಕಾರು ಗೊತ್ತುಮಾಡಿದೆವು. ಮೆಡಿಕಲ್ ಶಾಪಿನಲ್ಲಿ ತಲೆಸುತ್ತಿಗೆ ಗುಳಿಗೆ ಕೇಳಿದೆ. ಅಂಗಡಿಯವರು ಬೀದರ್ ಕಡೆಯವರು. “ಒಂದ ತಗೋರಿ ಸಾಹೇಬ್ರ, ಭಾಳ ನಿದ್ದಿ ಬರ್ತೈತಿ,” ಅಂದರು. ಆಂಟಿಹಿಸ್ಟಮಿನ್ ಅಂತೆ, ನೆಗಡಿಗೆ ಕೊಡುವ ಗುಳಿಗೆಯ ಖಾಸಾ ತಮ್ಮ. ಒಳಗಿನ ಚೀಟಿಯಲ್ಲಿ ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ತಲೆ ಭಾರವಾಗುವುದು, ನಿದ್ದೆ ಬರುವುದು ಎಂದೆಲ್ಲ ಬರೆದಿತ್ತು. ಇವೆಲ್ಲ ಅಶಕ್ತರಿಗೆ ಇರಬೇಕು ಎಂದುಕೊಂಡು, ಹಾದಿಯುದ್ದಕ್ಕೂ ರಸ್ತೆ ಅಗೆದದ್ದನ್ನು ನೆನೆದು, ಎರಡು ನುಂಗಿದೆ.

ತಲೆ ಸುತ್ತಲಿಲ್ಲ, ಗುಳಿಗೆಯ ಮೇಲೆ ಆ ದೂರು ನನಗಿಲ್ಲ. ಆದರೆ ಪಾಟೀಲರ ಮನೆಯಲ್ಲಿ ಕಾಲಿಟ್ಟಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ನೋಡಹೋದರೆ ಗೋಡೆಗಳೆಲ್ಲ ಮಂಜುಮಂಜು. ಮಾತಿಗೆಂದು ಬಾಯಿ ತೆರೆದಾಗಲೆಲ್ಲ “ನೀರು” ಎಂಬುದೊಂದೇ ಹೊರಬಂತು. ಆರು ಲೋಟ ಕುಡಿದೆ. ಅಷ್ಟರಲ್ಲಿ ಪಾಟೀಲರು ತಮ್ಮ ಬೋರ್‌ವೆಲ್ಲಿನ ಕಥೆ ಶುರುಮಾಡಿದರು. ಅವರೂ ನನ್ನ ಜಾತಿಯವರೇ, ಒಮ್ಮೆ ಹಿಡಿದರೆ ಬಿಡುವವರಲ್ಲ. ಎಷ್ಟು ಅಡಿಗೆ ಕಲ್ಲು ಬಂತು, ಯಾವ ಮೇಸ್ತ್ರಿ ಕೈಕೊಟ್ಟ, ಮೋಟಾರು ಹೇಗೆ ಸಿಕ್ಕಿಹಾಕಿಕೊಂಡಿತು ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತ ಹೋದರು. ಒಂದೊಂದು ಸಂಗತಿಗೂ ನನ್ನ ತಲೆ ಎದೆಯ ಮೇಲೆ ಬಾಗಿ ಮತ್ತೆ ಏಳುತ್ತಿತ್ತು. ಶೈಲಾ ಎದುರಿಗೆ ಉಸಿರು ಬಿಗಿಹಿಡಿದು ಕೂತಿದ್ದಳು.

ಕಡೆಗೆ ಪಾಟೀಲರು ಎದ್ದು ನನ್ನ ಕೈ ಹಿಡಿದುಕೊಂಡರು. “ನನ್ನ ಮಾತು ಇಷ್ಟು ಲಕ್ಷ್ಯ ಇಟ್ಟು ಕೇಳಿದವರನ್ನ ಇಲ್ಲೀತನ ನಾ ನೋಡಿಲ್ರಿ. ಇಂಥಾ ಗಂಭೀರ ಮನಷ್ಯಾರ ಮನಿ ಹುಡುಗಿ ನಮಗ ಬೇಕ ಬೇಕು. ನೀವೂ ಹೂಂ ಅಂದಂಗಾತಲ್ರಿ?”

ತಲೆ ಇನ್ನೊಮ್ಮೆ ಬಾಗಿತು. ಸಕ್ಕರೆ ಬಂತು. ನನ್ನ ಬಾಯಿಗೆ ಹಾಕಿದ್ದು ಮನೆ ಮುಟ್ಟುವವರೆಗೂ ಕರಗಲಿಲ್ಲ.

ಮರುದಿನ ಮಧ್ಯಾಹ್ನ ಎದ್ದಾಗ ಹೆಂಡತಿ ಎಲ್ಲವನ್ನೂ ಹೇಳಿದಳು. ಎಲ್ಲ ಯೋಚನೆ ಮಾಡಿಯೇ ಸುಮ್ಮನಿದ್ದೆ ಎಂದು ನಾನು ಹೇಳಿಕೊಂಡೆ. ಅವಳು ಉಳಿದ ಗುಳಿಗೆಗಳನ್ನು ದೇವರ ಮನೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟಳು.

ಮದುವೆ ನಮ್ಮ ಹಿಂದಿನ ಓಣಿಯ ಕಲ್ಯಾಣ ಮಂಟಪದಲ್ಲಿ. ಹುಡುಗಿಯನ್ನು ಒಪ್ಪಿಸಿಕೊಡುವ ಹೊತ್ತಿಗೆಂದು ಹದಿನೈದು ನಿಮಿಷದ ಮಾತು ಸಿದ್ಧಮಾಡಿ, ಕನ್ನಡಿಯ ಮುಂದೆ ಎರಡು ಸಲ ಆಡಿಯೂ ನೋಡಿದ್ದೆ. ಬೆಳಿಗ್ಗೆ ಶೈಲಾ ಧಾರೆ ಸೀರೆಯುಟ್ಟು ಬಂದು, ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರು ಹಿಡಿದು ನಿಂತಳು.

“ಮಂಟಪಕ್ಕ ನಡಕೊಂಡ ಹೋಗೋದಲ್ಲೇನವ್ವ?” ಅಂದೆ.

“ಇರ್ಲಿ ಮಾಮಾ, ಒಂದ ತಗೋರಿ.”

ಮೊದಲಿನ ಎರಡು ಸಂಬಂಧಗಳ ಜಾತಕ ಯಾಕೆ ಕೂಡಲಿಲ್ಲವೆಂದು ನನಗೆ ಅವತ್ತು ಅರ್ಥವಾಯಿತು. ಗುಳಿಗೆ ಇಸಿದುಕೊಂಡು, ಆಮೇಲೆ ನುಂಗುತ್ತೇನೆಂದು ಹೇಳಿ ಕೋಟಿನ ಜೇಬಿಗೆ ಹಾಕಿದೆ.

ಒಪ್ಪಿಸಿಕೊಡುವ ಹೊತ್ತು ಬಂತು. ಅಕ್ಕ ಅಳುತ್ತಿದ್ದಳು. ಶೈಲಾಳ ಕೈಯನ್ನು ಪಾಟೀಲರ ಕೈಯಲ್ಲಿಟ್ಟು, ಆ ಹದಿನೈದು ನಿಮಿಷದ ಮೊದಲ ಮಾತಿಗೆ ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕಣ್ಣು ಮಂಜಾಯಿತು. ತಲೆ ತಾನಾಗಿ ಬಾಗಿತು. “ನೀರು” ಎನ್ನಲೂ ಆಗಲಿಲ್ಲ. ಪಾಟೀಲರು ಸುತ್ತಲಿನವರಿಗೆಲ್ಲ, “ನೋಡ್ರಿ, ನಮ್ಮ ಬೀಗರು ಎಷ್ಟು ಗಂಭೀರ ಅದಾರ,” ಎಂದರು. ಹೆಂಡತಿ ಅಕ್ಕನ ಕಿವಿಯಲ್ಲಿ, “ಗುಳಿಗಿ ಭಾಳ ಚಲೋ ಐತಿ,” ಎಂದದ್ದು ನನಗೆ ಕೇಳಿಸಿತು.

ಮನೆಗೆ ಬಂದು ಕೋಟು ಬಿಚ್ಚುವಾಗ ಬೆಳಗಿನ ಗುಳಿಗೆ ಜೇಬಿನಲ್ಲೇ ಇತ್ತು. ಯಾರಿಗೂ ಹೇಳದೆ ಗೂಡಿನಲ್ಲಿ ಉಳಿದವುಗಳ ಜೊತೆ ಇಟ್ಟೆ.