ಇಸ್ಮಾಯಿಲನ ಒತ್ತಕ್ಷರ

ಒಬ್ಬೊಬ್ಬರಿಗೆ ಒಂದೊಂದು ಚಾಳಿ. ಕೆಲವರು ನಶ್ಯ ಬಿಡಲಾರರು, ಕೆಲವರು ಕಂಡವರ ಮನೆಯ ವಿಚಾರ ಬಿಡಲಾರರು. ನನ್ನದು ಒತ್ತಕ್ಷರ ನುಂಗುವ ಚಾಳಿ. ಕೃಷ್ಣಪ್ಪ ಮೇಷ್ಟ್ರ ಚೀಟಿ ಎಂದರೆ ಮಾಗಡಿಯ ನಮ್ಮ ಬೀದಿಯ ಅಂಗಡಿಯವನು ಕನ್ನಡಕ ಹಾಕಿಕೊಳ್ಳುವುದಿಲ್ಲ, ಊಹಿಸಿಕೊಂಡೇ ಕಟ್ಟಿಕೊಡುತ್ತಾನೆ. ಅಕ್ಕಿ ಅಲ್ಲಿ 'ಅಕಿ', ಬೆಲ್ಲ 'ಬೆಲ', ಉಪ್ಪು 'ಉಪು'. ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸಿದಿರೋ ಎಂದು ನನ್ನ ಹೆಂಡತಿ ಆಗಾಗ ವಿಚಾರಿಸುತ್ತಾಳೆ. ಇದು ಕಸುಬಿನಿಂದ ಅಂಟಿದ ಕಾಯಿಲೆ ಎಂದರೆ ಅವಳು ನಂಬುವುದಿಲ್ಲ.

ಆ ಕಸುಬು ನಡೆದದ್ದು ಚನ್ನಪಟ್ಟಣದ ಒಂದು ಪ್ರೆಸ್ಸಿನ ಮಹಡಿಯಲ್ಲಿ, ನಮ್ಮ ಕಡೆ ಟೀವಿ ಇನ್ನೂ ಕಾಲಿಡದ ಕಾಲದಲ್ಲಿ. ಪ್ರೆಸ್ಸಿನ ಯಜಮಾನರು ಮಕ್ಕಳಿಗಾಗಿ ತಿಂಗಳಿಗೊಂದು ಚಿತ್ರಕಥೆಯ ಪುಸ್ತಕ ತರುತ್ತಿದ್ದರು. ಒಂದು ಕಿಟಕಿ, ಎರಡು ಮೇಜಿನ ಆ ಕೋಣೆಯನ್ನು ನಾವು ಸ್ಟುಡಿಯೋ ಎನ್ನುತ್ತಿದ್ದೆವು. ಚಿತ್ರ ಬರೆಯುವವನು ಇಸ್ಮಾಯಿಲ್, ಪಾತ್ರಗಳ ಮಾತನ್ನು ದುಂಡಗೆ ಬರೆಯುವವನು ನಾನು. ಇಸ್ಮಾಯಿಲನದು ಬೊಂಬೆ ಕಡೆಯುವ ಮನೆತನ. ಹಾಗಾಗಿ ಅವನ ಕೈಯಲ್ಲಿ ಎಲ್ಲವೂ ಗುಂಡಗೇ ಬರುತ್ತಿತ್ತು. ರಾಜ ಗುಂಡಗೆ, ಕುದುರೆ ಗುಂಡಗೆ, ಕೊನೆಗೆ ರಾಕ್ಷಸನೂ ಎತ್ತಿ ಮುದ್ದಾಡಬೇಕು ಎನಿಸುವಷ್ಟು ಗುಂಡಗೆ. ರಾಕ್ಷಸನನ್ನು ಸಾಯಿಸಬೇಡಿ ಎಂದು ಕುದೂರಿನಿಂದ ಒಂದು ಮಗು ಕಾರ್ಡು ಬರೆದಿತ್ತು. ಯಜಮಾನರು ಬೈದರು. ಇಸ್ಮಾಯಿಲ್ ಆ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ.

ನನ್ನ ಕಷ್ಟ ಬೇರೆ. ಪಾತ್ರಗಳ ಮಾತು ಬರೆಯಲು ಬಾಯಿಯ ಪಕ್ಕ ಬಿಡುವ ಗೂಡಿಗೆ ನಾವು ಗುಳ್ಳೆ ಎನ್ನುತ್ತಿದ್ದೆವು. ಇಸ್ಮಾಯಿಲ್ ಗುಳ್ಳೆಗಳನ್ನೂ ಮಣಿಸರದ ಮಣಿಯಷ್ಟೇ ಮಾಡಿಡುತ್ತಿದ್ದ. ಅದರೊಳಗೆ ಎರಡು ಸಾಲು ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತಿತ್ತು. ದೊಡ್ಡದು ಮಾಡಯ್ಯ ಎಂದರೆ, ರಾಜನ ಕಿರೀಟ ಮುಚ್ಚಿಹೋಗುತ್ತದೆ ಎನ್ನುತ್ತಿದ್ದ. ಬೇರೆ ದಾರಿ ಕಾಣದೆ ನಾನು ಒತ್ತಕ್ಷರವಿಲ್ಲದ ಮಾತುಗಳನ್ನೇ ಹುಡುಕತೊಡಗಿದೆ. 'ರಾಕ್ಷಸ' ಹೋಗಿ 'ಅಸುರ'ನಾದ. 'ನಿನ್ನನ್ನು ಕೊಲ್ಲುತ್ತೇನೆ' ಎಂಬಲ್ಲಿ ನಾಲ್ಕು ಒತ್ತು. ಅದನ್ನು 'ಸಾಯಿ, ಮೂಢ' ಎಂದು ಮುಗಿಸಿದೆ. ಬಾಣ ತಗುಲಿದವನು 'ಅಯ್ಯೋ ಅಮ್ಮಾ' ಎನ್ನುವಂತಿರಲಿಲ್ಲ, 'ಹಾ ತಾಯೀ' ಎಂದೇ ಬೀಳಬೇಕಿತ್ತು. ನಮ್ಮ ಕಥೆಗಳಲ್ಲಿ ಯಾರ ಬಾಯಲ್ಲೂ 'ಇಲ್ಲ' ಬರಲಿಲ್ಲ. ಈ ಭಾಷೆಗೆ ಒಂದು ಗಾಂಭೀರ್ಯವಿದೆ ಎಂದು ಯಜಮಾನರು ಮೆಚ್ಚಿದ್ದೂ ಉಂಟು.

ಎರಡು ವರ್ಷಕ್ಕೆ ಪುಸ್ತಕ ನಿಂತಿತು. ದೊಡ್ಡ ಊರುಗಳ ಬಣ್ಣದ ಪುಸ್ತಕಗಳ ಮುಂದೆ ನಮ್ಮದು ಓಡಲಿಲ್ಲ. ಯಜಮಾನರು ಲಗ್ನಪತ್ರಿಕೆ ಅಚ್ಚುಹಾಕಲು ಹೊರಟರು. ಅಲ್ಲಿಯವರೆಗೆ ನಮ್ಮ ಹೆಸರು ಎಲ್ಲೂ ಬಂದಿರಲಿಲ್ಲ. ಕೊನೆಯ ಪುಸ್ತಕದಲ್ಲಾದರೂ ಹಾಕಿಕೊಳ್ಳಿ ಎಂದು ಕಡೇ ಪುಟದ ಅಡಿಯಲ್ಲಿ ಒಂದು ಪಟ್ಟಿ ಜಾಗ ಬಿಟ್ಟರು. ಬರೆಯುವವನು ನಾನೇ ತಾನೆ? ಪಟ್ಟಿ ತೀರ ಸಣ್ಣದು, ನಿನ್ನ ಹೆಸರಿನಲ್ಲಿ ಒತ್ತು ಇದೆ, ಅಂಚು ಕತ್ತರಿಸುವಾಗ ಹಾರಿಹೋಗುತ್ತದೆ ಎಂದು ಇಸ್ಮಾಯಿಲನಿಗೆ ಹೇಳಿದೆ. "ಹೋಗ್ಲಿ ಬುಡು," ಎಂದ. 'ಬರೆದವರು: ಕೃಷ್ಣಪ್ಪ' ಎಂದು ಬರೆದೆ. ಸುಳ್ಳೇನಲ್ಲವಲ್ಲ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಆ ಪುಸ್ತಕ ತೋರಿಸಿದ್ದಕ್ಕೇ ಮಾಗಡಿಯ ಶಾಲೆಯೊಂದರಲ್ಲಿ ನನಗೆ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಕ್ಕಿತು. ಒಂದು ಹಸು ಬರೆಯಲು ಬಾರದ ನಾನು ನಿವೃತ್ತಿಯವರೆಗೂ ಮಕ್ಕಳಿಂದ ದುಂಡಕ್ಷರ ತಿದ್ದಿಸಿದೆ. ಇಸ್ಮಾಯಿಲ್ ಬೊಂಬೆಗಳಿಗೆ ವಾಪಸು ಹೋದ. ಈಗಲೂ ಅವುಗಳಿಗೆ ಕಣ್ಣು ಬರೆಯುತ್ತಾನೆ.

ಹೋದ ವಾರ ಅವನ ಫೋನು ಬಂತು. ಅವನ ಮಗಳು ನಸ್ರೀನ್ ಕನಕಪುರದಲ್ಲಿ ಟೀಚರು. ಅಪ್ಪ ಪುಸ್ತಕಕ್ಕೆ ಚಿತ್ರ ಬರೆದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದಾಳೆ, ಒಂದನ್ನೂ ಕಂಡಿಲ್ಲ. ಭಾನುವಾರ ಬರುತ್ತಾಳೆ, ನಿನ್ನ ಹತ್ತಿರ ಪ್ರತಿ ಇದ್ದರೆ ತಾ ಎಂದ. ನನ್ನಲ್ಲಿದ್ದದ್ದು ಒಂದೇ, ಆ ಕೊನೆಯದು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಡೇ ಪುಟ ಮಾತ್ರ ತೆರೆಯದೆ ಕೂತೆ.

ಇಸ್ಮಾಯಿಲನ ಮನೆಯಲ್ಲಿ ನಸ್ರೀನ್ ಪುಟ ತಿರುವುತ್ತ ನಗುತ್ತಿದ್ದಳು. ಗುಂಡು ರಾಕ್ಷಸನನ್ನು ಕಂಡು, ಇದು ಅಬ್ಬಾನ ಬೊಂಬೆಯೇ ಎಂದಳು. ಕಡೇ ಪುಟಕ್ಕೆ ಬಂದು ಅಡಿಯ ಸಾಲು ಓದಿದಳು. ನಗು ನಿಂತಿತು. ಅಪ್ಪನ ಕಡೆ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ವಯಸ್ಸಾದವರು ಒಂದಕ್ಕೆರಡು ಸೇರಿಸಿ ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡಂತೆ ಕಂಡಿತು. ನನಗೆ ತಡೆಯಲಾಗಲಿಲ್ಲ. ಚಿತ್ರವೆಲ್ಲ ನಿಮ್ಮ ತಂದೆಯದೇ ಕಣಮ್ಮ, ಒತ್ತಕ್ಷರಕ್ಕೆ ಜಾಗ ಸಾಲದೆ ಹೆಸರು ಬಿಟ್ಟುಹೋಯಿತು ಎಂದು ಹಳೆಯ ಪಾಠ ಒಪ್ಪಿಸಿದೆ.

ಇಸ್ಮಾಯಿಲ್ ಬೊಂಬೆಗೆ ಕಣ್ಣು ಬರೆಯುತ್ತಲೇ ಹೇಳಿದ: "ನನ್ನೆಸ್ರಲ್ಲಿ ಇರೋದು ಒಂದು ಒತ್ತು. ನಿಂದ್ರಲ್ಲಿ ಎರಡವೆ ಕಣ್ಲಾ, ವಟ್ರುಸುಳಿ ಬ್ಯಾರೆ. ಅವತ್ತೇ ಎಣಿಸಿದ್ದೆ."

ಮತ್ತೆ ಯಾಕೆ ಸುಮ್ಮನಿದ್ದೆ ಎಂದೆ.

"ನೀನು ಮೇಷ್ಟ್ರು ಕೆಲಸಕ್ಕೆ ಅರ್ಜಿ ಹಾಕಿದ್ಯಲ್ಲ. ನಂಗೆ ಬೊಂಬೆ ಇದ್ವು, ನಿಂಗೇನಿತ್ತು?"

ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥವನನ್ನು ಇಷ್ಟು ವರ್ಷ ಪೆದ್ದನೆಂದುಕೊಂಡಿದ್ದೆನಲ್ಲ ಎಂದು ಅಳು ಬಂತು. ಜೇಬಿನಿಂದ ಪೆನ್ನು ತೆಗೆದು, ಕನ್ನಡಕ ಒರೆಸಿಕೊಂಡು, ನನ್ನ ಹೆಸರಿನ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ಅವನದನ್ನು ದುಂಡಗೆ ಬರೆದೆ. ಜಾಗ ಧಾರಾಳವಾಗಿತ್ತು. ನಸ್ರೀನ್ ಬಗ್ಗಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಲ್ಲಿ 'ಇಸಾಯಿಲ್' ಎಂದಿತ್ತು.

ಇಸ್ಮಾಯಿಲ್ ಪುಸ್ತಕವನ್ನು ಎಳೆದುಕೊಂಡು, ಕಣ್ಣು ಬರೆಯುವ ಕುಂಚದಿಂದ 'ಸಾ' ಕೆಳಗೆ ಮಕಾರದ ಒತ್ತನ್ನು ತಾನೇ ಕೊಟ್ಟುಕೊಂಡ. ಅದೂ ಗುಂಡಗೇ ಬಂತು. ಒಂದು ಪ್ರತಿ ಹೀಗೆ ಸರಿಹೋಯಿತು. ಉಳಿದವು ಕುದೂರಿನಿಂದ ಕನಕಪುರದವರೆಗೆ ಯಾರ ಯಾರ ಅಟ್ಟದ ಮೇಲಿವೆಯೋ. ಅವುಗಳಲ್ಲೆಲ್ಲ ಈಗಲೂ ನಾನೇ ದೊಡ್ಡ ಚಿತ್ರಗಾರ.