ಆವುಲಪ್ಪನವರ ವಿಮಾನದ ಎಣ್ಣೆ ಕೊಳವೆ

೧೯೮೪ನೇ ಇಸವಿ ಜೂನ್ ತಿಂಗಳಲ್ಲಿ ಮೂಕಂಡಪಲ್ಲಿಯ ಆವುಲಪ್ಪನವರ ಸ್ವಂತ ವಿಮಾನಕ್ಕೆ ಎರಡು ಮೊಳ ಎಣ್ಣೆ ಕೊಳವೆಯ ಹೊರತು ಬೇರಾವ ಕೊರತೆಯೂ ಇರಲಿಲ್ಲ.

ಆವುಲಪ್ಪನವರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಆರು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ದನದ ಕೊಟ್ಟಿಗೆಯಲ್ಲಿ ವಿಮಾನ ಕಟ್ಟಿದ್ದರು. ಹೆಂಡತಿ ನರಸಮ್ಮ ಹಸುವನ್ನು ಜಗಲಿಗೆ ಕಟ್ಟಿಕೊಂಡು ಸಹಿಸಿದ್ದರು. ಬೇಕಾಗಿದ್ದದ್ದು ಉಕ್ಕಿನ ತಂತಿ ಹೆಣೆದ ರಬ್ಬರ್ ಕೊಳವೆ. ಅದು ಸಿಗುವುದು ಬಿಡಿಭಾಗ ಹಂಚಿಕೆ ಕಚೇರಿಯ ಪರ್ಮಿಟ್ಟಿಗೆ ಮಾತ್ರ.

ಗುಮಾಸ್ತ ಮುತ್ತರಾಯಪ್ಪ ಅರ್ಜಿ ತಿರುವಿ ಹಾಕಿದರು. "ವಿಮಾನ ಅಂತ ಕಾಲಮ್ಮೇ ಇಲ್ವಲ್ಲ ಆವುಲಪ್ನೋರೆ. ಪಂಪ್‌ಸೆಟ್ ಐತೆ."

"ಇದು ಮೇಲಕ್ಕೆ ಹೋಗೋದು ಸಾರ್."

"ನೀರೂ ಮೇಲಕ್ಕೇ ಹೋಗೋದು," ಎಂದು ಮುತ್ತರಾಯಪ್ಪ ಪಂಪ್‌ಸೆಟ್ ಎಂದೇ ಬರೆದರು.

ಪಂಪ್‌ಸೆಟ್ಟಿಗೆ ಪ್ಲಾಸ್ಟಿಕ್ ಕೊಳವೆ ಎಂಬುದು ನಿಯಮ. ಆವುಲಪ್ಪನವರು ಆಕ್ಷೇಪಿಸಿದ್ದರಿಂದ ಅಧಿಕಾರಿ ವೆಂಕಟರಾಮಪ್ಪನವರ ಅಧ್ಯಕ್ಷತೆಯಲ್ಲಿ ಕೊಳವೆ ಆಯ್ಕೆ ಸಮಿತಿ ರಚನೆಯಾಯಿತು. ತಾಮ್ರವು ಕಳ್ಳರ ಕಣ್ಣಿಗೆ ಬೀಳುವ ಲೋಹವೆಂದು ಸಮಿತಿ ಕೈಬಿಟ್ಟಿತು. ಉಕ್ಕು ಹೆಣೆದದ್ದರ ಮಾದರಿ ತರಿಸಲು ಪರ್ಮಿಟ್ ಇರಲಿಲ್ಲ. ಉಳಿದದ್ದು ಪ್ಲಾಸ್ಟಿಕ್. ಇಂಜಿನ್ ಎಣ್ಣೆಗೆ ಮಂಜೂರಾತಿ ಇಲ್ಲದ ಕಾರಣ ಕಡಲೆಕಾಯಿ ಎಣ್ಣೆ ಹರಿಸಿ ಪರೀಕ್ಷಿಸಲಾಯಿತು. ಒಂದು ತೊಟ್ಟೂ ಸೋರಲಿಲ್ಲ. ಅದೇ ಎಣ್ಣೆಯಲ್ಲಿ ಕರಿದ ಬೋಂಡ ತಿಂದು ಸಮಿತಿಯು "ಗುಣಮಟ್ಟ ತೃಪ್ತಿಕರ" ಎಂದು ಷರಾ ಬರೆಯಿತು.

ಆವುಲಪ್ಪನವರು ಎದ್ದು ನಿಂತರು. "ಇಂಜಿನ್ ಕಾದ್ರೆ ಇದು ಮೇಣದಂಗೆ ಕರಗೋಗ್ತದೆ ಸಾರ್. ಒಳಗೆ ಕೂತಿರೋನು ನಾನು. ಸತ್ತೋಗ್ತೀನಿ!"

ವೆಂಕಟರಾಮಪ್ಪನವರ ಕಣ್ಣು ಒದ್ದೆಯಾಯಿತು. ಅರ್ಜಿದಾರರ ಪ್ರಾಣ ಇಲಾಖೆಗೆ ಅಮೂಲ್ಯವಾದುದೆಂದು ಅವರು ಆದೇಶಕ್ಕೆ ಸ್ವಹಸ್ತದಿಂದ ಒಂದು ಸಾಲು ಸೇರಿಸಿದರು: "ಹಾರಾಟದ ಅವಧಿಯಲ್ಲಿ ಇಂಜಿನ್ ಚಾಲನೆ ಮಾಡತಕ್ಕದ್ದಲ್ಲ."

ಹಾರಾಟದ ದಿನ ಇಡೀ ಕಚೇರಿ ಬಯಲಿಗೆ ಬಂತು. ನರಸಮ್ಮ ರೆಕ್ಕೆಗೆ ಕುಂಕುಮ ಇಟ್ಟರು. ಎಂಟು ಜನ ಆಳುಗಳು ಹಿಂದಿನಿಂದ ತಳ್ಳಿದರು. ವಿಮಾನ ಕಡಕಡ ಎನ್ನುತ್ತ ಹುಣಿಸೆಮರದವರೆಗೆ ಹೋಗಿ ನಿಂತಿತು. ಚಪ್ಪಾಳೆ ಮೊಳಗಿತು. ಆವುಲಪ್ಪನವರು ಆರು ವರ್ಷದಿಂದ ಹಿಡಿಯಬೇಕೆಂದುಕೊಂಡಿದ್ದ, ವಿಮಾನ ನಡೆಸುವ ಹಿಡಿಯನ್ನು ಬಿಡಲಾರದೆ ಕೂತೇ ಇದ್ದರು.

ಮುತ್ತರಾಯಪ್ಪ ರಿಜಿಸ್ಟರ್ ಬಿಚ್ಚಿದರು. "ಎಷ್ಟು ಎತ್ತರ ಅಂತ ಬರೀಲಿ?"

ಆವುಲಪ್ಪನವರು ಚಕ್ರದ ಕಡೆ ನೋಡಿದರು. ನೆಲದ ಕಡೆ ನೋಡಿದರು.

"ಕೇಳ್ತಾವ್ರಲ್ಲ, ಹೇಳ್ರೀ!" ಎಂದರು ನರಸಮ್ಮ.

"ಸಾವಿರ ಅಡಿ."

"ಐನೂರು ದಾಟಿದ್ರೆ ಮದ್ರಾಸಿಂದ ಪರ್ಮಿಷನ್ ತರ್ಬೇಕು."

"ಹಂಗಾದ್ರೆ ನಾನೂರ ತೊಂಬತ್ತು ಹಾಕಿ. ಅಲ್ಲಿಂದ್ಲೂ ಬೇರಿಕೆ ಕೆರೆ ಕಾಣ್ತದೆ."

ಬೇರಿಕೆ ನರಸಮ್ಮನ ತವರು. ಅವರು ರೆಕ್ಕೆ ಹಿಡಿದುಕೊಂಡು ಆತುರದಿಂದ ಕೇಳಿದರು: "ಕೆರೆಗೆ ನೀರು ಬಂದೈತಾ?"

"ಮುಕ್ಕಾಲು ತುಂಬೈತೆ ಕಣೆ," ಎಂದರು ಆವುಲಪ್ಪನವರು.

ಮುತ್ತರಾಯಪ್ಪ ಅದನ್ನೂ ಬರೆದುಕೊಂಡರು.