ಫ್ರಾನ್ಸಿನ ಸಂತೆಯಲ್ಲಿ ನಾನು ಇಳಿಸಿದ ಬೆಲೆ

ತಲೆಗೆ ಎರಡು ಲಕ್ಷದ ಮೂವತ್ತೊಂದು ಸಾವಿರ ರೂಪಾಯಿ. ವಿಮಾನ, ವೀಸಾ, ಬಾಡಿಗೆ ಸೈಕಲ್ಲು, ಫ್ರಾನ್ಸಿನ ಹಳ್ಳಿಗಳಲ್ಲಿ ಮಲಗಲು ಕೋಣೆ, ಬೆಳಗಿನ ತಿಂಡಿ ಎಲ್ಲ ಸೇರಿ. ಇಷ್ಟು ದುಡ್ಡು ಸುರಿದು ಸೈಕಲ್ ತುಳಿಯುವುದೇ ಎಂದು ನೀವು ಕೇಳಬಹುದು. ನಮ್ಮ ಬೀದಿಯವರೆಲ್ಲ ಕೇಳಿ ಆಗಿದೆ. ಆದರೆ ಪ್ರವಾಸದ ಕಂಪನಿಯವರು ಮೊದಲು ಹೇಳಿದ್ದು ಎರಡು ಲಕ್ಷದ ಎಂಬತ್ತೈದು ಸಾವಿರ ಎಂಬುದು ನಿಮ್ಮ ಗಮನದಲ್ಲಿರಲಿ. ಇಳಿಸಿದವನು ನಾನು. ಬೇರೆಯವರು ವಿದೇಶದಿಂದ ಬಂದರೆ ಚರ್ಚು, ಸೇತುವೆ, ಸೂರ್ಯಾಸ್ತ ಎನ್ನುತ್ತಾರೆ. ನಾನು ಮೊದಲು ಬೆಲೆ ಹೇಳುತ್ತೇನೆ. ಸೂರ್ಯಾಸ್ತ ದೊಡ್ಡಬಳ್ಳಾಪುರದಲ್ಲೂ ದಿನಾ ಆಗುತ್ತದೆ, ಅದೂ ಪುಕ್ಕಟೆಯಾಗಿ.

ನನ್ನದು ಸೀರೆ ವ್ಯಾಪಾರ. ಈಗ ಅಂಗಡಿ ಇದೆ, ಕಾರಿದೆ. ಶುರುವಾದದ್ದು ಮಾತ್ರ ಸೈಕಲ್ಲಿನ ಕ್ಯಾರಿಯರ್ ಮೇಲೆ. ಮಗ್ಗದವರ ಮನೆಗಳಿಂದ ಸೀರೆ ಎತ್ತಿ, ನಲವತ್ತರ ಗಂಟು ಕಟ್ಟಿ, ಹಳೆಯ ಟ್ಯೂಬಿನ ರಬ್ಬರಿನಿಂದ ಬಿಗಿದು ಊರೂರು ತಿರುಗಿದವನು. ಆಗ ಕಲಿತ ಚೌಕಾಸಿಯೇ ಇಂದಿಗೂ ನನ್ನ ಆಸ್ತಿ. ಊರಿನಲ್ಲಿ ಯಾರ ಮನೆಯ ಮದುವೆಗೆ ಛತ್ರ ಗೊತ್ತು ಮಾಡಬೇಕಾದರೂ, ಯಾರ ಹೊಲದಲ್ಲಿ ಬೋರ್‌ವೆಲ್ ಕೊರೆಸಬೇಕಾದರೂ, 'ಚಂದ್ರಣ್ಣನ್ನ ಕರ್ಕೊಂಡು ಹೋಗಿ' ಎನ್ನುತ್ತಾರೆ. ಈ ಹೆಸರು ಸುಮ್ಮನೆ ಬಂದದ್ದಲ್ಲ. ಮಾತು ಮುಗಿದ ಮೇಲೂ ಐದು ನಿಮಿಷ ಸುಮ್ಮನೆ ಕೂತಿರಬೇಕು. ಎದುರಿನವನು ಆ ಮೌನಕ್ಕೆ ಹೆದರಿ ಇನ್ನೊಂದಿಷ್ಟು ಬಿಡುತ್ತಾನೆ.

ನಮ್ಮದೊಂದು ಭಾನುವಾರದ ಸೈಕಲ್ ಕೂಟ. ನಾನು, ನನ್ನ ಹೆಂಡತಿ ಗಿರಿಜಾ, ಬ್ಯಾಂಕಿನಲ್ಲಿದ್ದು ನಿವೃತ್ತರಾದ ನಜೀರ್ ಸಾಹೇಬರು, ಅವರ ಹೆಂಡತಿ ಶಾಹಿನಾ, ಮತ್ತು ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ಕಡೆ ದ್ರಾಕ್ಷಿ ಬೆಳೆಯುವ ಮುನಿರಾಜು. ಸಕ್ಕರೆ ಕಾಯಿಲೆಗೆ ಹೆದರಿ ಶುರು ಮಾಡಿದ್ದು. ಬೆಳಗ್ಗೆ ಹೊರಟು ನಂದಿಬೆಟ್ಟದ ಬುಡದವರೆಗೆ ಹೋಗಿ, ಅಲ್ಲಿ ತಟ್ಟೆ ಇಡ್ಲಿ ತಿಂದು, ಬೆಟ್ಟವನ್ನು ಭಕ್ತಿಯಿಂದ ನೋಡಿ ವಾಪಸು ಬರುತ್ತೇವೆ. ಫ್ರಾನ್ಸಿನ ಯೋಚನೆ ನಜೀರ್ ಸಾಹೇಬರದು. ಬೆಲೆ ಮಾತಾಡುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು.

ಕಂಪನಿಯ ಹುಡುಗಿ ನದಿಯ ದಂಡೆಯ ಸಪಾಟು ದಾರಿ ತೋರಿಸಿದಳು. ಗುಡ್ಡಗಾಡಿನ ದಾರಿ ಅದಕ್ಕಿಂತ ಅಗ್ಗವೆಂದು ತಿಳಿದ ಕೂಡಲೇ, ನಂದಿಬೆಟ್ಟದವರಿಗೆ ಗುಡ್ಡ ಯಾವ ದೊಡ್ಡ ವಿಷಯ ಎಂದೆ. ನಾವು ಬುಡದವರು ಎಂಬುದು ಆಗ ನೆನಪಾಗಲಿಲ್ಲ. ಮುಂದೆ, ಊರಿಂದೂರಿಗೆ ನಮ್ಮ ಸಾಮಾನು ಸಾಗಿಸುವ ವ್ಯಾನು ಎಂದಳು. 'ತಾಯಿ, ಸೈಕಲ್ಲಿಗೆ ಕ್ಯಾರಿಯರ್ ಇದೆಯೋ ಇಲ್ಲವೋ?' ಎಂದು ಕೇಳಿದೆ. ಇದೆಯೆಂದಳು. ಪಟ್ಟಿಯಿಂದ ವ್ಯಾನು ಹೊಡೆದು ಹಾಕಿಸಿದೆ. ಆಮೇಲೆ ಐದು ನಿಮಿಷ ಸುಮ್ಮನೆ ಕೂತೆ. ಇನ್ನೂ ನಾಲ್ಕು ಸಾವಿರ ಇಳಿಯಿತು.

ಮೊದಲ ದಿನದ ಕಥೆ ಚಿಕ್ಕದು, ದಾರಿ ಉದ್ದ. ದೊಡ್ಡಬಳ್ಳಾಪುರದಿಂದಲೇ ತಂದಿದ್ದ ಟ್ಯೂಬ್ ರಬ್ಬರಿನಿಂದ ಐದು ಸೈಕಲ್ಲಿಗೂ ಸೂಟ್‌ಕೇಸು ಬಿಗಿದೆ. ಎರಡೂ ಕಡೆ ದ್ರಾಕ್ಷಿ ತೋಟ, ಚಿತ್ರ ಬರೆದಂಥ ಮನೆಗಳು, ತಂಪು ಗಾಳಿ. ಇವನ್ನು ನಾವು ಚೆನ್ನಾಗಿ ನೋಡಿದೆವು, ಏಕೆಂದರೆ ಹೆಚ್ಚಿನ ದಾರಿಯನ್ನು ಸೈಕಲ್ ತಳ್ಳಿಕೊಂಡು ನಡೆದೇ ಹೋದೆವು. ಮುನಿರಾಜು ಮಾತ್ರ ಮೊದಮೊದಲು ಖುಷಿಯಲ್ಲಿದ್ದ. ಮಂಡಿಯೆತ್ತರದ ಬಳ್ಳಿಗಳನ್ನು ನೋಡಿ, 'ಅಲ್ಲಾ ಗುರು, ಇಷ್ಟು ದುಡ್ಡಿರೋ ದೇಶ, ದ್ರಾಕ್ಷಿಗೊಂದು ಚಪ್ಪರ ಹಾಕಕ್ಕಾಗಲ್ವಾ ಇವ್ರಿಗೆ?' ಎಂದು ಕನಿಕರಪಟ್ಟ. ಮೂರನೆಯ ದಿಬ್ಬದಲ್ಲಿ ಅವನ ಸೂಟ್‌ಕೇಸು ರಬ್ಬರಿನಿಂದ ಜಾರಿ, ಬಂದ ದಾರಿಯಲ್ಲೇ ತನ್ನ ಪುಟ್ಟ ಚಕ್ರಗಳ ಮೇಲೆ ಇಳಿದು ಹೋಯಿತು. ಅದನ್ನು ಹಿಡಿದು ತಂದ ಮೇಲೆ ಅವನ ಕನಿಕರವೆಲ್ಲ ಆರಿಹೋಗಿತ್ತು.

ಆ ಸಂಜೆ ಊಟದ ಮೇಜಿನ ಮೇಲೆ ನನ್ನ ವಿಚಾರಣೆ ನಡೆಯಿತು.

'ಏನ್ ಚಂದ್ರಣ್ಣ, ನಲವತ್ತು ಸೀರೆ ಹೊತ್ತಿದ್ದೆ ಅಂತಿದ್ರಲ್ಲ. ದಾರಿ ಮಧ್ಯೆ ಎಷ್ಟು ಬೀಳಿಸಿದ್ರಿ?' ಎಂದ ಮುನಿರಾಜು.

'ನಾಳೆ ಕಂಪನಿಗೆ ಫೋನ್ ಮಾಡೋಣ ಭಾಯ್,' ಎಂದರು ನಜೀರ್ ಸಾಹೇಬರು, ಮೊಣಕಾಲು ನೀವಿಕೊಳ್ಳುತ್ತಾ. 'ಅವರು ಕೇಳಿದಷ್ಟು ಕೊಟ್ಟು ವ್ಯಾನ್ ತರಿಸಿಬಿಡೋಣ. ಏನ್ ಮಹಾ ಹೋಗುತ್ತೆ?'

ಏನು ಮಹಾ ಹೋಗುತ್ತದೆ! ಹೋಗುವುದು ನನ್ನ ಹೆಸರು. ಹೊಡೆದು ಹಾಕಿಸಿದ ವ್ಯಾನನ್ನು ಕೈಮುಗಿದು ದುಪ್ಪಟ್ಟಿಗೆ ತರಿಸಿಕೊಂಡ ಸುದ್ದಿ ನಮ್ಮ ವಿಮಾನಕ್ಕಿಂತ ಮುಂಚೆ ದೊಡ್ಡಬಳ್ಳಾಪುರ ಮುಟ್ಟುತ್ತದೆ. ಆಮೇಲೆ ಛತ್ರಕ್ಕೂ ಕರೆಯುವವರಿಲ್ಲ, ಬೋರ್‌ವೆಲ್ಲಿಗೂ ಕರೆಯುವವರಿಲ್ಲ. 'ನಾಳೆ ಹತ್ತು ಗಂಟೆವರೆಗೆ ಟೈಮ್ ಕೊಡಿ. ಅಷ್ಟರಲ್ಲಿ ನಾನು ವ್ಯಾನ್ ಮಾಡ್ತೀನಿ,' ಎಂದೆ.

ಮರುದಿನ ಬೆಳಗ್ಗೆ ನನ್ನ ಅದೃಷ್ಟಕ್ಕೆ ಆ ಊರಿನಲ್ಲಿ ಸಂತೆ. ಸಂತೆ ಎಂದರೆ ನನಗೆ ತವರು ಇದ್ದಹಾಗೆ. ಗಿಣ್ಣಿನಂಥ ಚೀಸಿನ ಗುಡ್ಡೆ ಇಟ್ಟುಕೊಂಡ ಎಪ್ಪತ್ತರ ಒಬ್ಬ ಮುದುಕ, ಅವನ ಹಿಂದೆ ಒಂದು ಬಿಳಿ ವ್ಯಾನು. ಹೆಸರು ಮೋರಿಸ್ ಎಂದು ಎದೆ ತಟ್ಟಿ ಹೇಳಿದ. ನಾನು ನಮ್ಮ ಸೂಟ್‌ಕೇಸುಗಳನ್ನು ತೋರಿಸಿದೆ, ವ್ಯಾನನ್ನು ತೋರಿಸಿದೆ, ನಕ್ಷೆಯಲ್ಲಿ ಮುಂದಿನ ಮೂರು ಊರುಗಳ ಮೇಲೆ ಬೆರಳಿಟ್ಟೆ. ತಲೆಯಾಡಿಸಿದ. ಉಳಿದದ್ದು ಬೆಲೆ. 'ಫೋನಲ್ಲಿ ಕನ್ನಡದಲ್ಲಿ ಹೇಳಿದ್ರೆ ಅದೇ ಅವ್ರ ಭಾಷೆಲಿ ಹೇಳುತ್ತೆ ಕಣ್ರೀ,' ಎಂದು ಗಿರಿಜಾ ತನ್ನ ಫೋನು ಮುಂದೆ ಮಾಡಿದಳು. ಯಂತ್ರ ಹಿಡಿದು ಬೆಲೆ ಕೇಳುವವನು ವ್ಯಾಪಾರಸ್ಥನೇ? ಬೇಡವೆಂದೆ. ನನ್ನ ಸೋದರಮಾವ ದನದ ದಲ್ಲಾಳಿಯಾಗಿದ್ದವನು. ದನದ ಸಂತೆಯಲ್ಲಿ ಬಾಯಿ ಬಿಡುವಂತಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗದು. ಈ ವಿದ್ಯೆಗೆ ಭಾಷೆಯ ಹಂಗಿಲ್ಲ.

ಕುತ್ತಿಗೆಯ ಟವೆಲ್ ತೆಗೆದು ಮೋರಿಸನ ಕೈಮೇಲೆ ಹೊದಿಸಿದೆ. ಮುದುಕ ಬೆಚ್ಚಿದ. ಬೆರಳಿಗೆ ಹತ್ತು ಯೂರೊ ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅವನ ಮೂರು ಬೆರಳು ಅದುಮಿದೆ. ಅವನು ನನ್ನ ಇಡೀ ಕೈ ಅದುಮಿದ. ಐವತ್ತಂತೆ! ಆಗದೆಂದು ತಲೆಯಲ್ಲಾಡಿಸಿ ನಾಲ್ಕು ಬೆರಳು ಹಿಡಿದು ಬಿಡದೆ ನಿಂತೆ. ಸುತ್ತ ಸಂತೆಯ ಹೆಂಗಸರೆಲ್ಲ ನೆರೆದರು. ಟವೆಲಿನಿಂದ ಪಾರಿವಾಳ ಹಾರಿಸುತ್ತೇನೆಂದು ಕಾದಿದ್ದಂತೆ ಕಾಣುತ್ತಿತ್ತು.

'ಯಾ ಅಲ್ಲಾ, ಗಿರಿಜಾ, ನಿಮ್ಮ ಯಜಮಾನ್ರು ಆ ತಾತನ ಕೈ ಯಾಕೆ ಹಿಡ್ಕೊಂಡವ್ರೆ?' ಎಂದು ಶಾಹಿನಾ ಕೇಳುವುದು ಕೇಳಿಸಿತು.

ಕೊನೆಗೆ ಮೋರಿಸ್ ಜೋರಾಗಿ ನಕ್ಕು, ತಲೆಯಾಡಿಸಿ, ನನ್ನ ಬೆನ್ನು ತಟ್ಟಿದ. ಮೂರು ದಿನಕ್ಕೆ ನಲವತ್ತು ಯೂರೊ! ಕಂಪನಿಯವರು ದಿನಕ್ಕೇ ಅದರ ಎರಡರಷ್ಟು ಹೇಳಿದ್ದರು. ಒಂಬತ್ತೂ ಮುಕ್ಕಾಲಾಗಿತ್ತು. ಮುನಿರಾಜು ತನ್ನ ಸೂಟ್‌ಕೇಸನ್ನು ತಾನೇ ವ್ಯಾನಿಗೆ ಹತ್ತಿಸಿದ.

ಆ ಮೂರು ದಿನ ನಾವು ಸ್ವರ್ಗದಲ್ಲಿ ಸೈಕಲ್ ತುಳಿದೆವು. ಮೋರಿಸ್ ಸಾಮಾನು ಸಾಗಿಸಿದ್ದಷ್ಟೇ ಅಲ್ಲ, ಪ್ರತಿ ದಿಬ್ಬದ ತುದಿಯಲ್ಲಿ ಕರಬೂಜ ಕತ್ತರಿಸಿಕೊಂಡು ಕಾಯುತ್ತಿದ್ದ. ಶಾಹಿನಾ ಸುಸ್ತಾದರೆ ಸೈಕಲ್ ಸಮೇತ ಹತ್ತಿಸಿಕೊಳ್ಳುತ್ತಿದ್ದ. ಬೆಳಗ್ಗೆ ಕಂಡ ಕೂಡಲೇ ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಅದುಮುತ್ತಿದ್ದ. ನ್ಯಾಯವಾಗಿ ಕುದುರಿದ ವ್ಯಾಪಾರ ಹೀಗೆ ಪ್ರೀತಿ ಬೆಳೆಸುತ್ತದೆ ಎಂದು ನಾನು ದಾರಿಯುದ್ದಕ್ಕೂ ಉಳಿದವರಿಗೆ ವಿವರಿಸಿದೆ. ಅವರು ಒಪ್ಪಿಕೊಂಡು ಮುಂದೆ ಮುಂದೆ ತುಳಿಯುತ್ತಿದ್ದರು.

ಕೊನೆಯ ದಿನ ನಲವತ್ತು ಯೂರೊ ಕೈಗಿಟ್ಟರೆ ಮೋರಿಸ್ ಗಾಬರಿಯಾಗಿ ಹಿಂದಕ್ಕೆ ತಳ್ಳಿದ. ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿ, ಒಂದು ಚೀಸಿನ ಗಡ್ಡೆಯನ್ನೂ ಕೊಟ್ಟು ಹೊರಟೇಬಿಟ್ಟ. 'ನೋಡಿದ್ರಾ! ಪುಕ್ಕಟೆ!' ಎಂದು ಕೂಗಿದೆ. ನಾಲ್ಕು ಜನರೂ ಒಟ್ಟಿಗೆ ಬಗ್ಗಿ ಶೂ ದಾರ ಕಟ್ಟಿಕೊಳ್ಳತೊಡಗಿದರು.

ವಿಮಾನ ನಿಲ್ದಾಣದಲ್ಲಿ ಗಿರಿಜಾ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಮೋರಿಸ್ ಕೊಟ್ಟ ಚೀಸಿಗೆ ಅಂಟಿಸಿದ್ದ ಚೀಟಿಯ ಮೇಲೆ ಏನು ಬರೆದಿದೆಯೋ ತಿಳಿಯೋಣವೆಂದು ಅವಳ ಫೋನು ತೆಗೆದು ಆ ಅನುವಾದದ ಯಂತ್ರ ತೆರೆದೆ. ಸಂತೆಯ ದಿನದ ಮಾತುಕತೆ ಹಾಗೆಯೇ ಉಳಿದಿತ್ತು. ಅಂದು ನಾವೆಲ್ಲ ಹೊರಟ ಮೇಲೆ, ಪೀಚ್ ಹಣ್ಣು ತರುತ್ತೇನೆಂದು ಇವಳು ಹಿಂದೆ ಉಳಿದಿದ್ದಳು.

'ಮೂರು ದಿನಕ್ಕೆ ಎಷ್ಟು ಕೊಡಬೇಕು ತಾತ?' ಎಂದು ಇವಳು ಕೇಳಿದ್ದಳು.

'ನೂರ ಐವತ್ತು ಯೂರೊ. ನಿಮ್ಮ ಪತಿ ಬಹಳ ಪ್ರೀತಿಯ ವ್ಯಕ್ತಿ. ಅವರು ನನ್ನ ಕೈಯನ್ನು ಏಕೆ ಹಿಡಿದುಕೊಂಡರು?'

'ಅದು ನಮ್ಮೂರಿನ ನಮಸ್ಕಾರ. ನಾವು ನಾಲ್ಕು ಜನ ಸೇರಿ ನೂರ ಎಂಬತ್ತು ಕೊಡುತ್ತೇವೆ. ಅವರಿಗೆ ಮಾತ್ರ ಹೇಳಬೇಡಿ, ತುಂಬ ನೊಂದುಕೊಳ್ಳುತ್ತಾರೆ. ಮೇಲಿನ ಮೂವತ್ತು, ಅವರ ಮಾತನ್ನು ಮೂರು ದಿನ ಕೇಳುವುದಕ್ಕೆ.'

'ಅವರ ಮಾತು ನನಗೆ ಅರ್ಥವಾಗುವುದಿಲ್ಲ. ಆದ್ದರಿಂದ ತೊಂದರೆ ಇಲ್ಲ.'

'ಪುಣ್ಯವಂತರು ನೀವು.'

ನಿಜ ಹೇಳಬೇಕೆಂದರೆ, ನೂರ ಐವತ್ತನ್ನು ನೂರ ಇಪ್ಪತ್ತಕ್ಕೆ ಇಳಿಸಬಹುದಿತ್ತಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ಫೋನನ್ನು ಮೆಲ್ಲನೆ ಅವಳ ಚೀಲದಲ್ಲಿಟ್ಟು ಕೂತೆ. ವಿಮಾನ ಮೇಲೇರಿದ ಮೇಲೆ ಬೇರೆ ಬೇರೆ ನೆನಪುಗಳು ಬರತೊಡಗಿದವು. ಹೊಸಕೋಟೆಯಲ್ಲಿ ಸೋಫಾ ಕುದುರಿಸಿ ಹೊರಬಂದಾಗ, ಕನ್ನಡಕ ಮರೆತೆನೆಂದು ನಜೀರ್ ಸಾಹೇಬರು ಅಂಗಡಿಯೊಳಗೆ ಓಡಿದ್ದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು. ಮುನಿರಾಜು ಮಗಳ ಮದುವೆಗೆ ಛತ್ರ ಗೊತ್ತು ಮಾಡಿದ ದಿನ, ಅವನು ಚಪ್ಪಲಿ ಅದಲು ಬದಲಾಯಿತೆಂದು ಮ್ಯಾನೇಜರನ ಕೋಣೆಗೆ ವಾಪಸು ಹೋಗಿ ಕಾಲು ಗಂಟೆ ಬಿಟ್ಟು ಅದೇ ಚಪ್ಪಲಿಯಲ್ಲಿ ಬಂದಿದ್ದ. ಮೂವತ್ತು ವರ್ಷಗಳಿಂದ ನನ್ನ ಬೆನ್ನ ಹಿಂದೆ ಯಾರ್ಯಾರು ಏನೇನು ಮರೆತು ಒಳಗೆ ಹೋಗಿದ್ದಾರೋ! ಅದಕ್ಕೇ ಇರಬೇಕು, ನಾನು ಕುದುರಿಸಿದ ಯಾವ ಅಂಗಡಿಯವನೂ ಇವತ್ತಿನವರೆಗೆ ನನ್ನ ಮೇಲೆ ಮುನಿಸಿಕೊಂಡಿಲ್ಲ.

ನಾನು ಯಾರಿಗೂ ಏನೂ ಹೇಳಿಲ್ಲ. ಅವರೂ ಹೇಳಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಫ್ರಾನ್ಸಿಗೆ ಸೈಕಲ್ ತುಳಿಯಲು ಹೋಗುವುದಾದರೆ ನದಿಯ ದಂಡೆಯ ದಾರಿಯನ್ನೇ ಹಿಡಿಯಿರಿ, ಸಾಮಾನಿನ ವ್ಯಾನಿಗೆ ಕೇಳಿದಷ್ಟು ಕಟ್ಟಿಬಿಡಿ, ಚಕ್ರದ ಸೂಟ್‌ಕೇಸನ್ನು ದಿಬ್ಬಕ್ಕೆ ತರಬೇಡಿ. ಕಂಪನಿಯವರ ಹತ್ತಿರ ಬೆಲೆ ಮಾತಾಡಲು ಜನ ಬೇಕಿದ್ದರೆ ನಾನು ಬರುತ್ತೇನೆ, ಸಂಕೋಚ ಬೇಡ. ಮಾತು ಮುಗಿದ ಮೇಲೆ ನಿಮ್ಮ ಕಡೆಯವರೊಬ್ಬರು ಏನಾದರೂ ಮರೆತು ಒಳಗೆ ಹೋಗಬೇಕಾದರೆ ಹೋಗಿ ಬರಲಿ. ನಾನು ರಸ್ತೆಯ ಕಡೆ ಮುಖ ಮಾಡಿ ನಿಂತಿರುತ್ತೇನೆ.